ಹಸಿರು ಪಟ್ಟಿಯ ಹಿಂದೆ

ಸುನೀತಾ ಅಕ್ಕಾ, ನಿನ್ನ ನಿಶ್ಚಿತಾರ್ಥದ ವಿಡಿಯೋ ಆ ದಿನ ಅಳಿಸಿಯೇ ಇರಲಿಲ್ಲ. ಟಿವಿಯ ಮೇಲೆ ತುಂಬುತ್ತ ಹೋದ ಹಸಿರು ಪಟ್ಟಿಯನ್ನು ನೀನು ಕಣ್ಣು ಮಿಟುಕಿಸದೆ ನೋಡಿದೆಯಲ್ಲ— ಅದು ನಾನು ಕುಣಿಸಿದ ಬೊಂಬೆ. ಅದರ ಹಿಂದೆ ಏನೂ ನಡೆಯುತ್ತಿರಲಿಲ್ಲ.

ಸಂಬಂಧ ಮುರಿದಿತ್ತು. ಹುಡುಗನ ಕಡೆಯವರು ಉಡಿಸಿದ ಸೀರೆ ಬಸವಕಲ್ಯಾಣಕ್ಕೆ ವಾಪಸ್ ಹೋಗಿತ್ತು, ನೀವು ತೊಡಿಸಿದ ಉಂಗುರ ಹುಮನಾಬಾದಿಗೆ ವಾಪಸ್ ಬಂದಿತ್ತು. ಉಳಿದದ್ದು ವಿಡಿಯೋ. ಅದನ್ನು ಎರಡೂ ಕಡೆಯ ಹಿರಿಯರ ಕಣ್ಣೆದುರೇ ಅಳಿಸಬೇಕು, ಯಾರೂ ಮತ್ತೆ ಹೊರತೆಗೆಯುವಂತಿರಬಾರದು ಎಂದು ಮಾತಾಗಿತ್ತು. ಹಾಗಾಗಿ ಎಲ್ಲರೂ ನನ್ನ ಮಾಮಾನ ಫೋಟೋ ಸ್ಟುಡಿಯೋಕ್ಕೆ ಬಂದರು. ವಿಡಿಯೋ ತೆಗೆದು ಒಂದು ಡಿಸ್ಕ್‌ನಲ್ಲಿ ಇಟ್ಟಿದ್ದವನು ಮಾಮಾ, ಕಂಪ್ಯೂಟರ್ ಪಂಡಿತ ನಾನು. ಓದುತ್ತಿದ್ದದ್ದು ಪಿಯುಸಿ, ಮಾತು ಮಾತ್ರ ಉಪಗ್ರಹ ಹಾರಿಸಿ ಈಗಷ್ಟೇ ಊಟಕ್ಕೆ ಬಂದವನ ಹಾಗೆ.

ಅಳಿಸುವ ಸಾಫ್ಟ್‌ವೇರ್ ನಿಜವಾದದ್ದೇ ಇತ್ತು. ಇದ್ದದ್ದರ ಮೇಲೆ ಮತ್ತೆ ಮತ್ತೆ ಗೀಚಿ ಗುರುತೇ ಇಲ್ಲದಂತೆ ಮಾಡುವಂಥದ್ದು. ಆದರೆ ಎಷ್ಟು ಅಳಿಸಿತೆಂದು ತೋರಿಸುತ್ತಿದ್ದದ್ದು ಕೂದಲೆಳೆಯಷ್ಟು ಗೆರೆ. ಚಹಾ ಮುಗಿಯಿತು, ಚಹಾದ ಮೇಲಿನ ಚಹಾ ಮುಗಿಯಿತು, ಬಸವಕಲ್ಯಾಣದ ಹಿರಿಯಜ್ಜ, ಮುತ್ಯಾ ಒಬ್ಬರು, ಒಂದು ಸುತ್ತು ಗೊರಕೆ ಹೊಡೆದು ಎದ್ದರು. ಗೆರೆ ಅಲ್ಲೇ.

"ಏ ಪಂಡಿತಾ, ಮಷೀನ್ ಮಲ್ಕೊಂಡದೋ, ನೀ ಮಲ್ಕೊಂಡಿಯೋ?" ಎಂದರು ಮುತ್ಯಾ.

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ— ಅಲ್ಲೇ ಕೆಟ್ಟೆ.

ಗೆಳೆಯರ ಮುಂದೆ ಜಂಭ ಕೊಚ್ಚಲು ಮಾಡಿಟ್ಟಿದ್ದ, ಏನೂ ಅಳಿಸದೆ ಸುಮ್ಮನೆ ತುಂಬುತ್ತ ಹೋಗುವ ಸುಳ್ಳು ಹಸಿರು ಪಟ್ಟಿಯೊಂದು ನನ್ನ ಬಳಿ ಇತ್ತು. ಅದನ್ನು ದೊಡ್ಡ ಟಿವಿಗೆ ಹಾಕಿದೆ. ಎರಡೂ ಒಟ್ಟಿಗೆ ಓಡದೆ ಚಿತ್ರ ತೊದಲಿತು. ನಿನ್ನ ವಿಡಿಯೋವನ್ನು ಇನ್ನೂ ಮುಟ್ಟದಿದ್ದ ನಿಜದ್ದನ್ನು ನಿಲ್ಲಿಸಿದೆ. ಸಂಜೆ ಮತ್ತೆ ಹಚ್ಚಿದರಾಯಿತು, ಯಾರಿಗೆ ಗೊತ್ತಾಗುತ್ತದೆ...

ಪರದೆ ಎಳೆದ ಸ್ಟುಡಿಯೋದ ಕತ್ತಲಲ್ಲಿ ಹಸಿರು ಬೆಳಕು ಕೆರೆಯ ನೀರಿನಂತೆ ಏರಿತು. ಹಿರಿಯರ ಬಿಳಿ ಟೊಪ್ಪಿಗೆ, ಖಾಲಿ ಲೋಟ, ಗೋಡೆಯ ಮೇಲಿನ ಯಾರದೋ ಮದುವೆಯ ಫೋಟೋ— ಎಲ್ಲ ಆ ಹಸಿರಲ್ಲಿ ತೇಲಿದವು. ನಿನ್ನ ಮುಖವೂ. ಪಟ್ಟಿ ಏರಿದಂತೆ ನಿನ್ನ ಹೆಗಲು ಇಳಿಯುತ್ತಿತ್ತು, ಹೊತ್ತದ್ದನ್ನು ಯಾರೋ ಮೆಲ್ಲಗೆ ಇಳಿಸಿಕೊಂಡ ಹಾಗೆ. ಪಟ್ಟಿ ತುಂಬಿದಾಗ ಟಿವಿಯ ಮೇಲೆ ಮಲ್ಲಿಗೆ ಸುರಿದು "ಪೂರ್ಣ" ಎಂದು ಬಂತು. ಮುತ್ಯಾ ಚಪ್ಪಾಳೆ ಹೊಡೆದರು.

ನೀನು ಮಾತ್ರ ಹತ್ತಿರ ಬಂದು ಕೇಳಿದೆ, "ಪಕ್ಕಾ ಹೋತಲ್ಲ, ತಮ್ಮಾ?"

"ಪಕ್ಕಾ, ಅಕ್ಕಾ. ದೇವ್ರು ಬಂದು ಹುಡುಕಿದ್ರೂ ಸಿಗಂಗಿಲ್ಲ."

ಸಂಜೆ ನಾನು ಮಾಣಿಕನಗರದಲ್ಲಿ ಗೆಳೆಯರಿಗೆ ಆ ಚಪ್ಪಾಳೆಯ ಕತೆ ಹೇಳುತ್ತಿದ್ದೆ. ಹೇಳಿದಷ್ಟೂ ಚಪ್ಪಾಳೆ ಜೋರಾಗುತ್ತಿತ್ತು. ಡಿಸ್ಕ್ ಮರೆತೇ ಹೋಯಿತು.

ಅದು ಖಾಲಿ ಎಂದೇ ನಂಬಿದ್ದ ಮಾಮಾ, ಆಮೇಲೊಂದು ದಿನ ಒಳಗೆ ನೋಡದೆಯೇ ಹೊಸ ಮದುವೆಗಳ ತುಣುಕು ತುಂಬಿ ಅಂಗಡಿಯ ಟಿವಿಗೆ ಹಚ್ಚಿದ. ಅವು ಮುಗಿದ ಮೇಲೆ ಟಿವಿ ತಾನಾಗಿ ಮುಂದಿನದಕ್ಕೆ ಹೋಯಿತು. ನೀನು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಬಂದು ನಿಂತಿದ್ದೆ. ಟಿವಿಯೊಳಗೆ ತಲೆ ತಗ್ಗಿಸಿ ನಗುತ್ತಿದ್ದವಳೂ ನೀನೇ, ಬೆರಳು ಆ ಹುಡುಗನ ಕೈಯಲ್ಲಿ. ಗಿರಾಕಿಗಳು ಟಿವಿ ನೋಡಿ, ನಿನ್ನನ್ನು ನೋಡಿ, ಮತ್ತೆ ಟಿವಿ ನೋಡಿದರು.

"ನಾ ಇನ್ನಾ ಇಲ್ಲೇ ಇದೀನೇನ್ರಿ, ಕಾಕಾ?" ಎಂದು ಮಾಮಾನನ್ನು ಕೇಳಿ ನೀನು ಹೊರಟುಹೋದೆ.

ಮಾಮಾ ಬೇಕೆಂದೇ ವಿಡಿಯೋ ಉಳಿಸಿಕೊಂಡ ಎಂದು ನಿಮ್ಮ ಮನೆಯವರು ಅವನೊಂದಿಗೆ ಮಾತು ಬಿಟ್ಟರು. ಮಾಮಾ ನನ್ನತ್ತ ಒಮ್ಮೆ ನೋಡಿದ... ಎಲ್ಲದಕ್ಕೂ ಬಾಯಿ ಹಾಕುವ ನಾನು ಅವತ್ತು ಬಾಯಿ ತೆರೆಯಲಿಲ್ಲ. ಈಗ ಡಿಗ್ರಿಗೆ ಬಂದಿದ್ದೇನೆ. ಮಾಮಾ ಇಂದಿಗೂ ನಿಮ್ಮ ಓಣಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಾನೆ.

ಇವತ್ತು ಬೆಳಿಗ್ಗೆ ಅವನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಅಳಿಸಿದೆ ಎಂದರೂ ಇನ್ನು ಯಾರು ನಂಬುತ್ತಾರೆಂದು ಹಾಗೇ ಎತ್ತಿಟ್ಟಿದ್ದ ಡಿಸ್ಕ್ ತೆಗೆದು ನನ್ನ ಕೈಗಿಟ್ಟ, ಕ್ಯಾಮೆರಾ ಒರೆಸುತ್ತ ಕೂತ.

ವಿಡಿಯೋ ಅದರಲ್ಲಿ ಇನ್ನೂ ಇದೆ, ಅಕ್ಕಾ. ನೀನಿಲ್ಲದೆ ಮುಟ್ಟುವುದಿಲ್ಲ. ನೀನು ಹೂಂ ಅಂದರೆ ನಿಮ್ಮ ಮನೆಗೇ ತಂದು ನಿಜದ್ದನ್ನು ಹಚ್ಚುತ್ತೇನೆ. ಗೆರೆ ತನ್ನ ಪಾಡಿಗೆ ನಿಧಾನ ಸರಿಯುತ್ತದೆ, ಮಲ್ಲಿಗೆ ಸುರಿಯುವುದಿಲ್ಲ. ಮುಗಿಯಿತು ಎಂದು ನಾನು ಹೇಳುವುದಿಲ್ಲ— ನೀನೇ ತೆರೆದು ನೋಡಿ ಹೇಳು.