ಏಳು ಸಲ ನೋಡಿದ ಪಾಠ

ಓದುವುದರಲ್ಲಿ ನಾನು ಹಿಂದೆ. ಆದರೆ ಓದಿದವನಂತೆ ಕಾಣುವುದರಲ್ಲಿ ಇಡೀ ಬೆಟಗೇರಿಯಲ್ಲಿ ನನಗೆ ಸಾಟಿಯಿಲ್ಲ. ಎದುರು ಮನೆಯವರು ನನ್ನನ್ನು ಈಗಲೇ ಡಾಕ್ಟರ್ ಎನ್ನುತ್ತಾರೆ, ಕೆಮ್ಮಿಗೆ ಔಷಧ ಕೇಳುವುದೊಂದು ಬಾಕಿ.

ಈ ವರ್ಷ ನಮ್ಮ ವಿಜ್ಞಾನದ ಸರ್ ಶಾಲೆಯನ್ನೇ ತಲೆಕೆಳಗು ಮಾಡಿದರು. ಪಾಠವನ್ನು ಮನೆಯಲ್ಲಿ ಮೊಬೈಲಿನಲ್ಲಿ ನೋಡಬೇಕು, ಮನೆಗೆಲಸವನ್ನು ತರಗತಿಯಲ್ಲಿ ಮಾಡಬೇಕು. ಹಿಂದಿನ ಕಾಲದಲ್ಲಿ ಶಿಷ್ಯನೇ ಕಟ್ಟಿಗೆ ಹೊತ್ತು ಗುರುವಿನ ಮನೆಗೆ ಹೋಗುತ್ತಿದ್ದನಂತೆ. ಈಗ ಗುರುವೇ ಅಂಗೈ ಅಗಲದ ಡಬ್ಬಿಯಲ್ಲಿ ಶಿಷ್ಯನ ಮನೆಗೆ ಬರುತ್ತಾರೆ, ಒಂದು ಲೋಟ ನೀರೂ ಕೇಳುವುದಿಲ್ಲ.

ಯಾರು ಎಷ್ಟು ಸಲ ನೋಡಿದರೆಂದು ಸರ್ ಅವರ ಮೊಬೈಲಿಗೆ ತಿಳಿಯುತ್ತಿತ್ತು. ಅದಕ್ಕೇ ನಾನು ಸನ್ನೆಗೋಲಿನ ಪಾಠ ಹಚ್ಚಿ, ಮೊಬೈಲನ್ನು ಅವ್ವನ ಕೈಮಗ್ಗಕ್ಕೆ ನೇತುಹಾಕಿ ಕ್ರಿಕೆಟ್ಟಿಗೆ ಹೋದೆ. ಸಂಜೆ ಬಂದರೆ ಸರ್ ಇನ್ನೂ ಮಾತಾಡುತ್ತಲೇ ಇದ್ದಾರೆ! ಅವ್ವ ಸೀರೆ ನೇಯುತ್ತ ಏಳು ಸಲ ಹಚ್ಚಿದ್ದಳು.

ಮರುದಿನ ಸರ್ ಆ ಲೆಕ್ಕ ಓದಿದಾಗ ತರಗತಿಯಲ್ಲಿ ನಾನೇ ರಾಜ. ಎರಡು ಸಲ ನೋಡಿದವರನ್ನು ಕನಿಕರದಿಂದ ನೋಡಿದೆ.

ಶನಿವಾರ ಗ್ರಹಚಾರ ಹೆಡ್‌ಮಾಸ್ತರರ ರೂಪದಲ್ಲಿ ತರಗತಿಗೇ ಬಂತು. ಅವರಿಗೆ ಈ ಉಲ್ಟಾ ಪಾಠದಲ್ಲಿ ನಂಬಿಕೆಯಿಲ್ಲ. ಒಬ್ಬನಾದರೂ ಎದ್ದು ಪಾಠ ವಿವರಿಸದಿದ್ದರೆ ಸೋಮವಾರದಿಂದ ಎಲ್ಲ ಬಂದ್ ಎಂದುಬಿಟ್ಟಿದ್ದರು. ಸರ್ ತಮ್ಮ ಬೇಸಿಗೆ ರಜೆಯನ್ನೆಲ್ಲ ಆ ವಿಡಿಯೋಗಳಿಗೆ ಸುರಿದಿದ್ದರು. ಅವರು ಯಾರನ್ನು ಎಬ್ಬಿಸಿದರೆಂದು ಹೇಳಬೇಕೇ?

ಎದ್ದು ನಿಂತೆ. ನೆನಪಾದದ್ದು, ರೊಟ್ಟಿ ಬಡಿಸುತ್ತ ಅವ್ವ ಹೇಳಿದ ಮಾತೊಂದೇ. ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಯನ್ನು ಕೀಲಿನಿಂದ ದೂರ ತುಳಿದರೆ ನೂಲು ಹಗುರಾಗಿ ಏಳುತ್ತದೆ, ಹತ್ತಿರ ತುಳಿದರೆ ಮೊಣಕಾಲು ಸೋಲುತ್ತದೆ. ಅದೇ ಸನ್ನೆಗೋಲು ಎಂದು ಒದರಿದೆ. ಹೆಡ್‌ಮಾಸ್ತರರು ಗದ್ದ ತುರಿಸಿಕೊಂಡು, ನಡೆಯಲಿ ಎಂದು ಹೊರಟರು.

ಸರ್ ಮಾತ್ರ ನನ್ನ ಹತ್ತಿರ ಬಂದರು.

"ನನ್ನ ವಿಡಿಯೋದಾಗ ಮಗ್ಗದ ಸುದ್ದೀನ ಇಲ್ಲಲ್ಲೋ. ಖರೆ ಹೇಳು, ಯಾರು ನೋಡಿದ್ರು?"

"ನಮ್ಮವ್ವರಿ."

"ನೀ ಎಲ್ಲಿದ್ದಿ?"

"ಬೌಲಿಂಗ್ ಮಾಡಾಕತ್ತಿದ್ದೆರಿ ಸರ."

ಹೊಡೆಯಲಿಲ್ಲ. ಭಾನುವಾರ ಮನೆಗೇ ಬಂದರು, ಆ ಪಾಠದ ವಿಡಿಯೋವನ್ನು ಮಗ್ಗದ ಮುಂದೆ ಹೊಸದಾಗಿ ತೆಗೆಯಲು. ಅವ್ವ ನಾಚಿ ಸೆರಗು ಎಳೆದುಕೊಂಡಳು.

"ಮಾರಿ ಬ್ಯಾಡ್ರಿ ಸರ, ಕಾಲಷ್ಟ ತಗೀರಿ. ಪಾಠ ಹೇಳೂದು ಕಾಲು."

ಮೊಬೈಲ್ ಹಿಡಿಯುವ ಕೆಲಸ ನನ್ನದು. ಅಲುಗಿದರೆ ಮತ್ತೆ ಮೊದಲಿನಿಂದ ಶುರು. ಹೀಗಾಗಿ ಜೀವನದಲ್ಲಿ ಮೊದಲ ಸಲ ಒಂದು ಪಾಠವನ್ನು ಪೂರ್ತಿ ಕೇಳಿದೆ. ತಲೆಗೆ ಏನೂ ಆಗಲಿಲ್ಲ. ಕೈ ಮಾತ್ರ ಎರಡು ದಿನ ನೋಯಿತು.