ಹೆಸರಿಡಬೇಡಿ

ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ಎಂ.ಎಸ್ಸಿ.ಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂಗೆ 'ಹಠಮಾರಿ' ಎಂಬ ಪದ ಕಂಡರಾಗುತ್ತಿರಲಿಲ್ಲ. ಎನ್.ಆರ್. ಕಾಲೋನಿಯ ಶಿಶುವಿಹಾರದಲ್ಲಿ ಮಕ್ಕಳನ್ನು ಗಮನಿಸಿ ನಾವು ಬರೆದು ತಂದದ್ದರಲ್ಲಿ ಅದು ಸಿಕ್ಕರೆ ಮುಗಿಯಿತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಪದವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

"ಮಗೂಗೆ ಹೆಸರಿಡಬೇಡಿ! ಚಪ್ಪಲಿ ಎಸೀತಾ? ಎಸೀತು ಅಂತ ಬರೀರಿ, ಸಾಕು."

ಅವರ ಭಯಕ್ಕೆ ನಾವು ಹಾಸ್ಟೆಲಿನ ಸಾರಿಗೂ ಹೆಸರಿಡುವುದನ್ನು ಬಿಟ್ಟು, ಸುಮ್ಮನೆ ಉಪ್ಪು ಕೇಳುತ್ತಿದ್ದೆವು.

ಅವರ ಮಗಳ ಮಗುವಿನ ನಾಮಕರಣಕ್ಕೆ ಇಡೀ ಕ್ಲಾಸೇ ತ್ಯಾಗರಾಜನಗರಕ್ಕೆ ಹೋಗಿತ್ತು. ಅಳಿಯ ಉಂಗುರ ಹಿಡಿದು ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆಯಲು ಹೊರಟಾಗ, ಮಗು ತಟ್ಟೆಯನ್ನು ಒದ್ದುಬಿಟ್ಟಿತು.

"ಥೇಟ್ ಅವರಪ್ಪ! ಹಠಮಾರಿ!" ಎಂದರು ಮೇಡಂ.

ಪಕ್ಕದಲ್ಲೇ ಕೂತಿದ್ದ ಬೀಗಿತ್ತಿಯ ಮುಖ ಬಿಗಿಯಿತು. ಹಿಂದಿನಿಂದ ನಾವು ಅಭ್ಯಾಸಬಲದಿಂದ ಒಟ್ಟಿಗೆ ಕೂಗಿದೆವು: "ಮೇಡಂ, ಹೆಸರಿಡಬೇಡಿ!"

ವಾಲಗ ನಿಂತುಹೋಯಿತು. ಪುರೋಹಿತರು ಗಾಬರಿಯಿಂದ, "ಯಾಕಮ್ಮಾ, ನಕ್ಷತ್ರ ಏನಾದ್ರೂ ತಪ್ಪಾಯ್ತಾ?" ಎಂದರು.

ಮೇಡಂ ನಮ್ಮನ್ನೊಮ್ಮೆ, ಬೀಗಿತ್ತಿಯನ್ನೊಮ್ಮೆ ನೋಡಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇಲ್ಲ, ತಪ್ಪು ನಂದು. ಮಗು ತಟ್ಟೆ ಒದೀತು, ಅಷ್ಟೇ. ಈಗ ಹೆಸರಿಡಿ."