ಬ್ರೇಕ್ ಮೇಷ್ಟ್ರ ಐಸ್ ಕ್ರೀಮ್

ನಮ್ಮ ಭಾವನನ್ನು ಊರೆಲ್ಲ ಬ್ರೇಕ್ ಮೇಷ್ಟ್ರು ಅನ್ನುತ್ತದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ನಮ್ಮ ಭಾವನಷ್ಟು ಪ್ರೀತಿಯಿಂದ ತುಳಿದವರು ಇನ್ನೊಬ್ಬರಿಲ್ಲ. ಅವರ ಹತ್ತಿರ ಕಲಿತವರೆಲ್ಲ ಚೆನ್ನಾಗಿಯೇ ಓಡಿಸುತ್ತಾರೆ, ಆ ಮಾತು ಬೇರೆ. ಕಲಿಯುವಷ್ಟು ದಿನ ಮಾತ್ರ ಮನೆಗೆ ಹೋಗಿ ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಳ್ಳಬೇಕು.

ಕಾರಿನಲ್ಲಿ ಮಾತ್ರವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಮನೆಯಲ್ಲೂ ಅದೇ ಚಾಳಿ. ಹಾಲು ಕಾಯಲು ಇಟ್ಟರೆ ಉಕ್ಕುವುದಕ್ಕೆ ಎಷ್ಟೋ ಮೊದಲೇ ಒಲೆ ಆರಿಸುತ್ತಾರೆ. ವಾಷಿಂಗ್ ಮೆಷಿನ್ ಸ್ವಲ್ಪ ಜೋರಾಗಿ ತಿರುಗಿದರೆ ಸಾಕು, ಓಡಿ ಬಂದು ಸ್ವಿಚ್ಚಿಗೆ ಕೈ ಹಾಕುತ್ತಾರೆ. ನಾನು ಫೋನಿನಲ್ಲಿ ನಕ್ಕರೂ, "ಸಾಕು ಕಣಮ್ಮ, ಆ ಕಡೆಯವರಿಗೂ ಉಸಿರಾಡೋಕೆ ಬಿಡು" ಅನ್ನುತ್ತಾರೆ. ನಾನು ಅವರ ನಾದಿನಿ, ಅದೇ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಅವರನ್ನು ರೇಗಿಸುವ ಹಕ್ಕು ಅಕ್ಕನ ಮದುವೆಯ ದಿನವೇ ನನಗೆ ಬಂದಿದೆ. ಅದನ್ನು ನಾನು ಒಂದು ದಿನವೂ ದಂಡ ಮಾಡಿಲ್ಲ.

ಅಕ್ಕ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಅಡುಗೆಮನೆಯ ಕಟ್ಟೆಯ ಅರ್ಧ ಜಾಗ ಕೇಕಿನ ಹಿಟ್ಟು ಕಲಸುವ ಅವಳ ಸ್ಟ್ಯಾಂಡ್ ಮಿಕ್ಸರಿನದು. ಕಬ್ಬಿಣದ ಗಟ್ಟಿ ಜೀವ, ಅಲುಗಾಡಿಸಲು ಇಬ್ಬರು ಬೇಕು. ಕೇಕನ್ನು ಮನೆಮನೆಗೆ ತಲುಪಿಸುವ ಕೆಲಸ ಭಾವನದು. ತಾಪತ್ರಯ ಶುರುವಾದದ್ದು ಅಲ್ಲೇ. ಒಮ್ಮೆ ಎಷ್ಟೋ ದೂರದಲ್ಲಿ ಒಂದು ಬೆಕ್ಕು ರಸ್ತೆ ದಾಟುವ ಯೋಚನೆ ಮಾಡುತ್ತಿತ್ತಂತೆ. ಭಾವ ಹಾಕಿದ ಬ್ರೇಕಿಗೆ ಹುಟ್ಟುಹಬ್ಬದ ಕೇಕಿನ ಕೆನೆಯೆಲ್ಲ ಡಬ್ಬದ ಗೋಡೆಗೆ ಮೆತ್ತಿಕೊಂಡಿತು. ಬೆಕ್ಕು ದಾಟಲೂ ಇಲ್ಲ.

"ಇನ್ಮೇಲೆ ನನ್ನ ಕೇಕು ನಾನೇ ತಗೊಂಡು ಹೋಗ್ತೀನಿ. ಕಾರು ಕಲೀತೀನಿ" ಎಂದಳು ಅಕ್ಕ.

"ಅದಕ್ಕೇನಂತೆ, ನಾನೇ ಕಲಿಸ್ತೀನಿ" ಎಂದರು ಭಾವ.

"ನೀವಾ? ಬೇಡಪ್ಪ. ಎದುರು ಬೀದಿ ಸ್ಕೂಲಿಗೆ ಸೇರ್ತೀನಿ."

ಅಕ್ಕ ಸುಮ್ಮನೆ ಹಾಗೆ ಅಂದದ್ದಲ್ಲ. ಮದುವೆಯಾದ ಹೊಸದರಲ್ಲಿ ಭಾವ ಅವಳಿಗೆ ಕಲಿಸಲು ಹೋಗಿ, ಹೆಜ್ಜೆಗೊಂದು ಬ್ರೇಕ್ ಹಾಕಿ, ಕೊನೆಗೆ ಅವಳು ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದಿದ್ದಳು. ಇನ್ನು ಎದುರು ಬೀದಿಯ ಸ್ಕೂಲನ್ನು ನಡೆಸುವವನು ಭಾವನ ಹಳೆಯ ಶಿಷ್ಯ. ಭಾವನ ಮುಖ ಸಪ್ಪಗಾಯಿತು. ಆಮೇಲೆ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿ, "ಊರಿನವರು ನಗ್ತಾರೆ ಅಂತ ಅಲ್ಲ ಕಣಮ್ಮ. ಅವಳಿಗೆ ನಾನೇ ಕಲಿಸ್ಬೇಕು. ಇಷ್ಟು ಜನಕ್ಕೆ ಕಲಿಸಿ ಅವಳೊಬ್ಬಳಿಗೆ ಕಲಿಸದೆ ಹೋದ್ರೆ ನಾನು ಮಾಡಿದ ಕೆಲಸಕ್ಕೆ ಏನು ಅರ್ಥ?" ಎಂದರು. ತಮಾಷೆ ಮಾಡಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನಾನೇ ಹೋಗಿ ಅಕ್ಕನ ಹತ್ತಿರ ಭಾವನ ಪರವಾಗಿ ಮಾತಾಡಿದೆ.

ಅಕ್ಕ ಆಗಷ್ಟೇ ಮಿಕ್ಸರಿಗೆ ಸಿಗಿಸುವ ಐಸ್ ಕ್ರೀಮ್ ಬಟ್ಟಲು ತರಿಸಿದ್ದಳು. ಅದನ್ನು ಒರೆಸುತ್ತಾ ತೀರ್ಪು ಕೊಟ್ಟಳು. "ತಿಂಗಳು ಮುಗಿಯೋದ್ರೊಳಗೆ ನಿಮ್ಮ ಭಾವ ಇದರಲ್ಲಿ ಒಂದು ಸಲ ಐಸ್ ಕ್ರೀಮ್ ಮಾಡಿ ತೋರಿಸ್ಲಿ. ಮಧ್ಯದಲ್ಲಿ ಸ್ವಿಚ್ಚು ಮುಟ್ಟಬಾರದು. ಮಾಡಿದ್ರೆ ಅವರ ಹತ್ರಾನೇ ಕಲೀತೀನಿ."

ಅವಳ ಜಾಣತನ ನನಗೆ ಅರ್ಥವಾದದ್ದು ಬಟ್ಟಲನ್ನು ನೋಡಿದ ಮೇಲೆ. ಅದರ ಗೋಡೆ ಎರಡು ಪದರದ್ದು, ನಡುವೆ ಒಂದು ದ್ರವ. ಇಡೀ ದಿನ ಫ್ರೀಜರಿನಲ್ಲಿಟ್ಟರೆ ಅದು ಕಲ್ಲಾಗುತ್ತದೆ. ಆಮೇಲೆ ಬಟ್ಟಲನ್ನು ಮಿಕ್ಸರಿಗೆ ಸಿಗಿಸಿ, ಮೊದಲು ಮಿಕ್ಸರ್ ಶುರು ಮಾಡಿ, ತಿರುಗುತ್ತಿರುವಾಗಲೇ ತಣ್ಣಗಿನ ಹಾಲು, ಕೆನೆ, ಸಕ್ಕರೆಯ ಮಿಶ್ರಣವನ್ನು ಸುರಿಯಬೇಕು. ನಡುವೆ ನಿಲ್ಲಿಸಿದರೆ ಮಿಶ್ರಣ ಗೋಡೆಗೆ ಕಚ್ಚಿಕೊಂಡು ಕೆಲಸ ಕೆಡುತ್ತದೆ. ಬ್ರೇಕ್ ಹಾಕಲೇಬಾರದ ಅಡುಗೆ ಅಂತ ಪ್ರಪಂಚದಲ್ಲಿ ಯಾವುದಾದರೂ ಇದ್ದರೆ ಇದೇ.

ಮೊದಲ ಸಲ ಭಾವ ಸ್ವಿಚ್ಚಿನವರೆಗೆ ಹೋಗುವ ಮೊದಲೇ ಸೋತರು. ಎಲ್ಲರೂ ಕೂತು ಬಾಗಿಲು ಹಾಕಿಕೊಳ್ಳದೆ ಎಂಜಿನ್ ಶುರು ಮಾಡಿ ಅವರಿಗೆ ಅಭ್ಯಾಸವಿಲ್ಲ. ಹಾಗಾಗಿ ಮಿಶ್ರಣವನ್ನೆಲ್ಲ ಬಟ್ಟಲಿಗೆ ಸುರಿದು, ಕಟ್ಟೆ ಒರೆಸಿ, ಎಲ್ಲ ಸರಿಯಾಗಿದೆಯೇ ಎಂದು ಸುತ್ತ ಕಣ್ಣಾಡಿಸಿ, ಆಮೇಲೆ ಸ್ವಿಚ್ ಹಾಕಿದರು. ಅಷ್ಟರಲ್ಲಿ ಹಾಲು ಗೋಡೆಗೆ ಹೆಪ್ಪುಗಟ್ಟಿ, ಒಳಗಿನ ಕಡೆಯುವ ಅಲಗು ಕಟಕಟ ಅನ್ನತೊಡಗಿತು. ಅದನ್ನು ಕೆರೆದು ತೆಗೆಯಲು ಹೋಗಿ ನನ್ನ ಮರದ ಸೌಟು ಮುರಿಯಿತು.

ಮತ್ತೆ ಇಡೀ ದಿನ ಬಟ್ಟಲು ಫ್ರೀಜರಿಗೆ. ಎರಡನೆಯ ಸಲ ಕ್ರಮವೇನೋ ಸರಿಯಾಗಿತ್ತು. ಐಸ್ ಕ್ರೀಮ್ ಗಟ್ಟಿಯಾಗುವ ಹೊತ್ತಿಗೆ ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದರು. ಭಾವನ ಕೈ ತಾನಾಗಿಯೇ ಹೋಗಿ ಸ್ವಿಚ್ ಆರಿಸಿತು. ಅವರಿಗೆ ಗೊತ್ತೂ ಆಗಲಿಲ್ಲ.

"ಯಾಕ್ರೀ ನಿಲ್ಸಿದ್ರಿ?"

"ನಾನೆಲ್ಲಿ ನಿಲ್ಸಿದೆ? ಕರೆಂಟು ಹೋಯ್ತೇನೋ."

ತಲೆಯ ಮೇಲೆ ದೀಪ ಉರಿಯುತ್ತಿತ್ತು. ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದು ಅರ್ಧ ಮಂಜುಗಡ್ಡೆ, ಅರ್ಧ ಹಾಲು ಕುಡಿದದ್ದಾಯಿತು. ಭಾವ ಮುಖ ಊದಿಸಿಕೊಂಡು ಹೊರಗೆ ಹೋಗಿ ಕಾರು ತೊಳೆದರು.

ತಿಂಗಳ ಕೊನೆಯ ಭಾನುವಾರ ಮೂರನೆಯ ಸಲ. ಭಾವ ಎರಡು ಕೈಯಲ್ಲೂ ಒಂದು ಟವೆಲ್ ಹಿಡಿದು ಮಿಕ್ಸರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಮಿಕ್ಸರ್ ಶುರುವಾಯಿತು. ಅಕ್ಕ ಮಿಶ್ರಣವನ್ನು ಸಣ್ಣ ಧಾರೆಯಾಗಿ ಸುರಿದಳು. ಮೊದಮೊದಲು ಎಲ್ಲ ಸಲೀಸಾಗಿತ್ತು. ಅಲಗಿನ ಸುತ್ತ ಬಿಳಿ ಕೆನೆ ದಪ್ಪಗಾಗುತ್ತಾ ಬಂದ ಹಾಗೆ ಮೋಟಾರಿನ ಸದ್ದು ಬದಲಾಯಿತು. ಗುಂಯ್ ಅನ್ನುತ್ತಿದ್ದದ್ದು ಏದುಸಿರು ಬಿಡತೊಡಗಿತು. ಜೀವನವಿಡೀ ಎಂಜಿನ್ ಸದ್ದು ಕೇಳಿದ ಭಾವನ ಕಿವಿ ನೆಟ್ಟಗಾಯಿತು. ಎದ್ದು ನಿಂತರು.

"ಮೋಟಾರು ಸುಟ್ಟು ಹೋಗುತ್ತೆ ಕಣೇ."

"ಅದು ಗಟ್ಟಿಯಾಗ್ತಿರೋ ಸದ್ದು ರೀ, ಕೆಡ್ತಿರೋದಲ್ಲ. ಕೂತ್ಕೊಳ್ಳಿ."

ಭಾವ ಕೂರಲಿಲ್ಲ. ಟವೆಲನ್ನು ಹಿಂಡುತ್ತಾ ನಿಂತರು. ಒಣ ಟವೆಲಿನಿಂದ ನೀರು ಬರುತ್ತದೇನೋ ಅನ್ನಿಸಿತು ನನಗೆ. ರೇಗಿಸಲು ಹೋಗಲಿಲ್ಲ. ಹಣೆಯ ಮೇಲೆ ಬೆವರಿತ್ತು, ಪಾಪ. ಆದರೂ ಸ್ವಿಚ್ಚು ಮುಟ್ಟದೆ ನಿಂತೇ ಇದ್ದರು. ಕೊನೆಗೆ ಅಕ್ಕನೇ ಕೈ ಚಾಚಿ ಸ್ವಿಚ್ ಆರಿಸಿ, ಒಂದು ಚಮಚ ತೆಗೆದು ಅವರ ಬಾಯಿಗೆ ಹಿಡಿದಳು. ನುಣ್ಣಗೆ, ಮೆತ್ತಗೆ, ಎಲ್ಲೂ ಒಂದು ಮಂಜಿನ ಹರಳಿಲ್ಲ. ಭಾವ ಬಟ್ಟಲಿನ ಮೇಲೆ ಬಟ್ಟಲು ತಿಂದರು. ಆಮೇಲೆ ಹಲ್ಲು ಜುಮ್ ಅನ್ನುತ್ತದೆಂದು ಸಂಜೆಯವರೆಗೆ ನರಳಿದರು, ಆದರೂ ನಗುತ್ತಲೇ ಇದ್ದರು.

ಅಕ್ಕ ಮಾತಿಗೆ ತಪ್ಪಲಿಲ್ಲ. ಮರುವಾರದಿಂದ ಆಟದ ಬಯಲಿನಲ್ಲಿ ಪಾಠ ನಡೆಯಿತು. ಕಲಿಯುವವರ ಪರವಾನಗಿ ಬಂದ ಮೇಲೆ ಒಂದು ಬೆಳಗ್ಗೆ ರಸ್ತೆಗಿಳಿದರು. ನಾನು ಹಿಂದಿನ ಸೀಟಿನಲ್ಲಿ ಸಾಕ್ಷಿ. ಅದು ಮನೆಯ ಕಾರು. ಭಾವನ ಕಾಲಿನ ಬಳಿ ಬ್ರೇಕ್ ಇರಲಿಲ್ಲ, ಬರೀ ರಬ್ಬರ್ ಹಾಸಿತ್ತು.

ಮೂರು ರಸ್ತೆ ಕೂಡುವಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಭಾವನ ಬಲಗಾಲು ಆ ರಬ್ಬರ್ ಹಾಸನ್ನು ಜೋರಾಗಿ ತುಳಿಯಿತು. ಕಾರು ನಿಂತಿತು. ಸೈಕಲ್ಲಿನವನು ಸಿಳ್ಳೆ ಹಾಕುತ್ತಾ ಹೋದ.

"ಈಗ ನಿಲ್ಸಿದ್ದು ಯಾರು?" ಅಕ್ಕ ಕೇಳಿದಳು.

"ನೀನೇ ಕಣೇ." ಭಾವನ ದನಿ ಸಣ್ಣದಾಗಿತ್ತು. "ನಂಗೆ ಇಲ್ಲಿ ಬ್ರೇಕೇ ಇಲ್ವಲ್ಲ."

ಆಮೇಲೆ ಭಾವ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡು, "ಊರಿನವರ ಹೆಂಡ್ತೀರಿಗೆಲ್ಲ ಧೈರ್ಯವಾಗಿ ಸ್ಟೀರಿಂಗ್ ಕೊಟ್ಟೆ. ಅವರಿಗೆ ಹಾಕಿದ್ದು ಪಾಠದ ಬ್ರೇಕು. ನಿನಗೆ ಹಾಕಿದ್ದು ಭಯಕ್ಕೆ. ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?" ಎಂದರು.

ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಅವರಿಗೆ ಹೋಗಲು ಕೈ ಮಾಡಿ, ಭಾವನ ಕಡೆ ತಿರುಗಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೆಲ್ಟ್ ಹಾಕ್ಕೊಂಡಿಲ್ವಲ್ರೀ ನೀವು" ಎಂದಳು. "ನಿಮಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಭಾವ ತಡಕಾಡಿ ಬೆಲ್ಟ್ ಎಳೆದುಕೊಂಡರು. ಅಕ್ಕ ಅಲ್ಲಿಯವರೆಗೂ ಕಾದಿದ್ದು, ಆಮೇಲೆ ಕನ್ನಡಿ ನೋಡಿ ಕಾರನ್ನು ಮುಂದಕ್ಕೆ ಬಿಟ್ಟಳು.